ಹಿರೇಬೆಣಕಲ್ ಮೊರೇರ ಗುಡ್ಡಕ್ಕೆ ಹೋಗೋರಿಗೆ

ಹಂಪಿ ನೋಡೋಕೆ ಬಂದವ್ರು ಇನ್ನೊಂದು ದಿನ ಉಳ್ಕೊಂಡು ಹಿರೇಬೆಣಕಲ್‌ಗೂ ಹೋಗ್ಬನ್ನಿ, ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್ ಅಷ್ಟೇ. ಗುಡ್ಡದ ಮೇಲೆ ಕ್ರಿಸ್ತಪೂರ್ವ 800ರಿಂದ 200ರ ನಡುವಿನ ಸುಮಾರು 400 ಕಲ್ಲಿನ ಗೋರಿ, ಕಲ್ಮನೆಗಳಿವೆ. 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಮೊರೇರು ಅನ್ನೋ ಕುಳ್ಳ ಜನ ಇಲ್ಲಿ ವಾಸ ಇದ್ರು ಅಂತ ಊರವ್ರ ಮಾತು, ಅದಕ್ಕೇ ಇವು ಮೊರೇರ ಮನೆ.

ಹೋಗೋದಾದ್ರೆ ಅಕ್ಟೋಬರ್‌ನಿಂದ ಫೆಬ್ರವರಿ ಒಳಗೆ ಹೋಗಿ, ಬೇಸಿಗೇಲಿ ಬಂಡೆ ಕಾದು ಹೆಂಚಾಗಿರುತ್ತೆ, ಮಳೇಲಿ ಜಾರುತ್ತೆ. ಬೆಳಕು ಹರಿದ ತಕ್ಷಣ ಹತ್ತೋಕೆ ಶುರು ಮಾಡಿ, ಆದ್ರೆ ಕತ್ತಲಲ್ಲಿ ಬೇಡ, ಈ ಕಡೆ ಕರಡಿ ಓಡಾಡುತ್ತೆ. ಒಬ್ಬರಿಗೆ 2 ಲೀಟರ್ ನೀರು, ಸ್ವಲ್ಪ ತಿಂಡಿ, ಗ್ರಿಪ್ ಇರೋ ಶೂ. ಮೇಲೆ ಅಂಗಡಿ ಏನೂ ಸಿಗಲ್ಲ. ಊರಲ್ಲಿ ದಾರಿ ಗೊತ್ತಿರೋ ಒಬ್ರನ್ನ ಜೊತೇಲಿ ಕರ್ಕೊಂಡು ಹೋಗಿ, ಅವ್ರಿಗೆ ದಿನದ ಕೂಲಿ ಸರಿಯಾಗಿ ಕೊಡಿ, ದಾರಿಗಿಂತ ಅವ್ರು ಹೇಳೋ ಕಥೆಗಳೇ ಹೆಚ್ಚು.

ಎಲ್ರೂ ಮೇಲೆ ಮುಟ್ಟೋ ಅವಸರದಲ್ಲಿ ದಾರೀಲಿರೋ ಕಲ್ಲಾಸರೆಗಳನ್ನ (ಚಾಚಿದ ಬಂಡೆ ಕೆಳಗಿನ ಗುಹೆಯಂಥ ಜಾಗ) ಬಿಟ್ಬಿಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಅಲ್ಲಿ ಕೆಂಪು ಬಣ್ಣದಲ್ಲಿ ಬರೆದ ಜನ, ಪ್ರಾಣಿ, ಬೇಟೆ ಚಿತ್ರಗಳಿವೆ, ಕಣ್ಣು ಹೊಂದ್ಕೊಳ್ಳೋಕೆ ಎರಡು ನಿಮಿಷ ಸುಮ್ನೆ ನಿಂತ್ರೆ ಒಂದೊಂದಾಗಿ ಕಾಣ್ತಾ ಹೋಗುತ್ತೆ. ಕೈಯಿಂದ ಮುಟ್ಬೇಡಿ, ನೀರು ಹಾಕಿ ಒರೆಸ್ಬೇಡಿ.

ಮೇಲೆ ಹೋದ್ಮೇಲೆ ಮೊದ್ಲು ಒಂದು ಕಲ್ಮನೆ ಸುತ್ತ ನಿಧಾನಕ್ಕೆ ನಡೆದು ನೋಡಿ. ಗಾರೆ ಇಲ್ಲ, ಏನಿಲ್ಲ, ಚಪ್ಪಡಿಗಳನ್ನ ಒಂದಕ್ಕೊಂದು ಆನಿಸಿ ನಿಲ್ಲಿಸಿ ಮೇಲೊಂದು ದೊಡ್ಡ ಚಪ್ಪಡಿ ಮುಚ್ಚಿದ್ದಾರೆ, ಕೆಲವು ಆಳಿಗಿಂತ ಎತ್ತರ. ಕೆಲವದರಲ್ಲಿ ಎದುರಿನ ಚಪ್ಪಡಿಗೆ ದುಂಡಗೆ ತೂತು ಕೊರೆದಿದ್ದಾರೆ, ಇಷ್ಟು ಗಟ್ಟಿ ಕಲ್ಲನ್ನ ಅಷ್ಟು ನೀಟಾಗಿ! ನಿಧಿ ಆಸೆಗೆ ಅಗೆದು ಬೀಳಿಸಿರೋದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ, ನೀವು ಫೋಟೋಗೋಸ್ಕರ ಅದರ ಮೇಲೆ ಹತ್ಬೇಡಿ. ಪಕ್ಕದ ಕೆರೆ ಅಂಚಲ್ಲೂ ನೋಡಿ, ಈ ಕಲ್ಮನೆಗಳಿಗೆ ಕಲ್ಲು ತೆಗೆದಿರೋ ಜಾಗ ಅದು.

ಆಮೇಲೆ ನಗಾರಿ ಗುಂಡು. ಎತ್ತರದ ಬಂಡೆ ಮೇಲೆ ಕೂತಿರೋ ಅರ್ಧಗೋಳದ ಕಲ್ಲು, ಹೊಡೆದ್ರೆ ನಗಾರಿ ಥರ ಸದ್ದು ದೂರಕ್ಕೆ ಕೇಳುತ್ತೆ. ಹತ್ತೋದು ಕಷ್ಟ, ಅಭ್ಯಾಸ ಇಲ್ದಿದ್ರೆ ಕೆಳಗಿಂದ್ಲೇ ನೋಡಿ.

ಬಿಸಿಲೇರೋ ಮುಂಚೆ ಇಳೀರಿ. ಹತ್ತೋವಾಗ್ಲೇ ಪ್ರತಿ ತಿರುವಲ್ಲೂ ಹಿಂದೆ ತಿರುಗಿ ಒಂದು ಫೋಟೋ ತಗೊಂಡಿರಿ, ಇಳಿಯುವಾಗ ಎಲ್ಲಾ ಬಂಡೆನೂ ಒಂದೇ ಥರ ಕಾಣುತ್ತೆ.