61 ಮೆಗಾಪಿಕ್ಸೆಲ್ ಮತ್ತು ಮಾಟುಂಗದ ಒಂದು ಹಳೆಯ ಗ್ರೂಪ್ ಫೋಟೊ

ಸೋನಿಯ 61 ಮೆಗಾಪಿಕ್ಸೆಲ್ ಕ್ಯಾಮೆರಾ ಆಲ್ಫಾ 7ಆರ್ 5 ಕೊಂಡ ಮೇಲೆ ಮುಂಬೈಯ ಬೋರಾ ಬಜಾರಿನ ಕ್ಯಾಮೆರಾ ಅಂಗಡಿಯವರಿಂದ ಹಿಡಿದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ ಕೂತ ಕಲಾವಿದರವರೆಗೆ ಎಲ್ಲರೂ ನನಗೆ ಕೇಳಿದ್ದು ಒಂದೇ ಪ್ರಶ್ನೆ. ಇಷ್ಟೊಂದು ಮೆಗಾಪಿಕ್ಸೆಲ್ ಯಾಕೆ ಬೇಕು? ಎಲ್ಲ ಕೆಲಸಕ್ಕೂ ಬೇಡ ಅಂತಲೇ ನಾನು ಹೇಳುತ್ತೇನೆ. ಆದರೆ ನಾಳೆ ಯಾರೋ ಒಬ್ಬರು ಹತ್ತಿರ ಬಂದು, ಒಂದು ಮೂಲೆಯಲ್ಲಿ ಏನನ್ನೋ ಹುಡುಕುವ ಚಿತ್ರ ಇರುತ್ತದಲ್ಲ, ಅದಕ್ಕೆ ಬೇಕೇ ಬೇಕು.

ಮುಂಬೈಯಲ್ಲಿ ನನ್ನ ಹೊಟ್ಟೆಪಾಡು ನಡೆಯುವುದು ಕಟ್ಟಡ ಮತ್ತು ಇಂಟೀರಿಯರ್ ಫೋಟೊಗಳಿಂದ. ಪ್ರೀತಿಯಿಂದ ಮಾಡುವ ಕೆಲಸ ಬೇರೆ ಎರಡಿವೆ. ಒಂದು, ಇಲ್ಲಿಯ ಯಕ್ಷಗಾನ, ಮತ್ತೆ ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯ ಫೋಟೊ. ಇನ್ನೊಂದು, ಇಲ್ಲಿನ ಕನ್ನಡಿಗರ ಮನೆಗಳಲ್ಲಿರುವ ಹಳೆಯ ಫೋಟೊಗಳ ಕಾಪಿ ತೆಗೆಯುವುದು. ಈ ಎರಡನೆಯದಕ್ಕಾಗಿಯೇ ನಾನು ನನ್ನ ಹಳೆಯ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಜೊತೆಗೆ ಈ ಹೊಸದನ್ನು ತಂದೆ.

ಮೊದಲು ಲೆಕ್ಕ ನೋಡೋಣ. ಒಂದು ಮೆಗಾಪಿಕ್ಸೆಲ್ ಅಂದರೆ ಹತ್ತು ಲಕ್ಷ ಪಿಕ್ಸೆಲ್, ಚಿತ್ರದ ಸಣ್ಣ ಚುಕ್ಕೆಗಳು. 24 ಮೆಗಾಪಿಕ್ಸೆಲ್ ಅಂದರೆ 6000 ಪಿಕ್ಸೆಲ್ ಅಡ್ಡ, 4000 ಉದ್ದ. ಈ ಕ್ಯಾಮೆರಾದಲ್ಲಿ 9504 ಅಡ್ಡ, 6336 ಉದ್ದ. ಒಟ್ಟು ಪಿಕ್ಸೆಲ್ ಎರಡೂವರೆ ಪಟ್ಟು ಜಾಸ್ತಿ. ಆದರೆ ಒಂದು ಗೆರೆಯ ಮೇಲೆ ಎಣಿಸಿದರೆ ಸುಮಾರು 1.6 ಪಟ್ಟು ಮಾತ್ರ. ಕಣ್ಣಿಗೆ ಕಾಣುವ ವ್ಯತ್ಯಾಸ ಈ 1.6ರದ್ದು. ಜಾಹೀರಾತಿನ ಅಂಕಿ ನೋಡಿ ಎರಡೂವರೆ ಪಟ್ಟು ವಿವರ ಸಿಗುತ್ತದೆ ಅಂದುಕೊಂಡವರಿಗೆ ನಿರಾಸೆ ಖಂಡಿತ. ಅದೂ ಕೈ, ಲೆನ್ಸು, ಫೋಕಸ್ಸು, ಗಾಳಿ ಎಲ್ಲವೂ ಒಟ್ಟಿಗೆ ಸಹಕರಿಸಿದಾಗ ಮಾತ್ರ ಸಿಗುವುದು.

ಈ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರಿನ ಒಂದೊಂದು ಪಿಕ್ಸೆಲ್ ಅಗಲ 3.76 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಹಳೆಯ ಕ್ಯಾಮೆರಾದಲ್ಲಿ ಹೆಚ್ಚು ಕಡಿಮೆ 6. ಹಾಗಾಗಿ ಅಲ್ಲಿ ಕಾಣದೇ ಹೋಗುತ್ತಿದ್ದ ಸಣ್ಣ ಅಲುಗಾಟ ಇಲ್ಲಿ ಕಾಣುತ್ತದೆ. 90 ಎಂಎಂ ಲೆನ್ಸಿಗೆ ಸೆಕೆಂಡಿನ 90ನೇ ಒಂದು ಭಾಗ ಸಾಕು ಎಂಬ ಹಳೆಯ ಸೂತ್ರವನ್ನು ನಾನು ಬಿಟ್ಟೆ. ಈಗ ಜನ ಇರುವ ಚಿತ್ರಕ್ಕೆ 1/200ರ ಕೆಳಗೆ ಇಳಿಯುವುದಿಲ್ಲ. ಕ್ಯಾಮೆರಾದೊಳಗಿನ ಸ್ಟೆಬಿಲೈಸೇಷನ್ (ಅಲುಗಾಟ ತಡೆಯುವ ವ್ಯವಸ್ಥೆ) ಎಂಟು ಸ್ಟಾಪ್ ಎಂದು ಕಂಪನಿ ಹೇಳುತ್ತದೆ, ಒಂದೊಂದು ಸ್ಟಾಪಿಗೆ ಶಟರ್ ಎರಡು ಪಟ್ಟು ಹೊತ್ತು ತೆರೆದಿರಬಹುದು ಎಂದರ್ಥ. ಅದು ನಿಜವಾಗಿಯೂ ಒಳ್ಳೆಯದು. ಆದರೆ ಅದು ಹಿಡಿಯುವುದು ನನ್ನ ಕೈ ನಡುಕವನ್ನು. ಎದುರಿನವರು ತಲೆ ತಿರುಗಿಸಿದರೆ ಅದು ಏನೂ ಮಾಡಲಾರದು.

ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ತೂತಿನ ವಿಷಯದಲ್ಲೂ ಅಭ್ಯಾಸ ಬದಲಾಯಿತು. ಎಫ್ ಅಂಕಿ ದೊಡ್ಡದಾದಷ್ಟು ಈ ತೂತು ಚಿಕ್ಕದು. ಇಂಟೀರಿಯರ್ ಅಂದರೆ ಎಫ್ 11, ಎಫ್ 16 ಎಂದು ಕಣ್ಣು ಮುಚ್ಚಿ ಇಡುತ್ತಿದ್ದ ಕಾಲ ಇತ್ತು. ಎಷ್ಟೇ ಒಳ್ಳೆಯ ಲೆನ್ಸ್ ಆದರೂ ಸಣ್ಣ ತೂತಿನಿಂದ ಬಂದ ಬೆಳಕು ಒಂದು ಬಿಂದುವಾಗಿ ಬೀಳುವುದಿಲ್ಲ, ಸಣ್ಣ ಬಿಲ್ಲೆಯಾಗಿ ಹರಡುತ್ತದೆ. ಎಫ್ 8ರಲ್ಲಿ ಆ ಬಿಲ್ಲೆಯ ಅಗಲ ಸುಮಾರು 11 ಮೈಕ್ರಾನ್, ಅಂದರೆ ಮೂರು ಪಿಕ್ಸೆಲ್. ಎಫ್ 16ರಲ್ಲಿ ಐದಾರು ಪಿಕ್ಸೆಲ್. ಅಷ್ಟು ದುಡ್ಡು ಕೊಟ್ಟು ತಂದ ವಿವರ ಅಲ್ಲಿಯೇ ಕರಗಿಹೋಗುತ್ತದೆ. ಈಗ ನಾನು ಎಫ್ 5.6ರಿಂದ ಎಫ್ 8ರ ಒಳಗೆ ಇರುತ್ತೇನೆ. ಸ್ಪಷ್ಟವಾಗಿ ಕಾಣುವ ಆಳ ಸಾಲದಿದ್ದರೆ ಎರಡು ಮೂರು ಕಡೆ ಫೋಕಸ್ ಮಾಡಿ ಆಮೇಲೆ ಜೋಡಿಸುತ್ತೇನೆ.

ಒಂದು ಕಡೆ ಮಾತ್ರ ಈ ಮಸುಕು ಉಪಕಾರಕ್ಕೆ ಬರುತ್ತದೆ. ಈ ಸೆನ್ಸರಿನ ಮುಂದೆ, ಅತಿ ಸಣ್ಣ ವಿವರವನ್ನು ಚೂರು ಮಸುಕು ಮಾಡುವ ಲೋ ಪಾಸ್ ಫಿಲ್ಟರ್ ಇಲ್ಲ. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡಗಳ ಮೇಲಿನ ಗ್ರಿಲ್ ಸಾಲು, ಪಾರಿವಾಳ ಬಾರದಂತೆ ಬಾಲ್ಕನಿಗೆ ಕಟ್ಟಿದ ಬಲೆ, ರೇಷ್ಮೆ ಸೀರೆಯ ನೇಯ್ಗೆ ಇವುಗಳ ಮೇಲೆ ಬಣ್ಣಬಣ್ಣದ ಅಲೆ ಏಳುವುದುಂಟು. ಇದಕ್ಕೆ ಮೊಯರೆ ಎನ್ನುತ್ತಾರೆ. ಎರಡು ಹೆಜ್ಜೆ ಹಿಂದೆ ಮುಂದೆ ಹೋದರೆ ಸಾಮಾನ್ಯವಾಗಿ ಹೋಗುತ್ತದೆ. ಹೋಗದಿದ್ದರೆ ಬೇಕೆಂತಲೇ ಎಫ್ 11 ಇಟ್ಟು ಇನ್ನೊಂದು ತೆಗೆದುಕೊಳ್ಳುತ್ತೇನೆ.

ಕ್ಯಾಮೆರಾ ಪರೀಕ್ಷೆಗೆ ನಾನು ಆರಿಸಿಕೊಂಡಿದ್ದು ಸಿಎಸ್‌ಎಂಟಿ, ಅಂದರೆ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣ. 1888ರಲ್ಲಿ ಮುಗಿದ ಈ ಕಟ್ಟಡದ ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ ಕೂತಿವೆ. ಸಿಂಹ ಬ್ರಿಟನ್ನಿಗೆ, ಹುಲಿ ಭಾರತಕ್ಕೆ. ಗೋಡೆಯ ಬಹಳಷ್ಟು ಕೆತ್ತನೆಯಲ್ಲಿ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈಚಳಕ ಇದೆ. ಮುಖ್ಯ ಮುಖ ಪಶ್ಚಿಮಕ್ಕಿರುವುದರಿಂದ ಮಧ್ಯಾಹ್ನ ಕಳೆದ ಮೇಲೆ ಬೆಳಕು ಓರೆಯಾಗಿ ಬೀಳುತ್ತದೆ, ಉಳಿಯ ಗುರುತು ಕೂಡ ಎದ್ದು ಕಾಣುತ್ತದೆ. ಆ ಫುಟ್‌ಪಾತಿನ ಜನದಲ್ಲಿ ಟ್ರೈಪಾಡ್ ಬಿಚ್ಚಲು ಜಾಗವೇ ಇಲ್ಲ. ಕಂಬಿಗೆ ಒರಗಿ, ಉಸಿರು ಬಿಟ್ಟು, ಮೂರು ನಾಲ್ಕು ಸಲ ಒತ್ತಿ ಒಂದನ್ನು ಆರಿಸಬೇಕು. ಏಪ್ರಿಲ್ ಮೇ ತಿಂಗಳಲ್ಲಿ 200 ಎಂಎಂ ಲೆನ್ಸ್ ಹಾಕಿ ಗುಮ್ಮಟದ ಮೇಲಿನ ಪ್ರತಿಮೆಯನ್ನು ತೆಗೆದರೆ, ಫೋಕಸ್ ಸರಿ ಇದ್ದರೂ ಚಿತ್ರ ಮೆತ್ತಗೆ ಬರುತ್ತದೆ. ಕಾಯ್ದ ಡಾಂಬರಿನ ಮೇಲೆ ಏಳುವ ಬಿಸಿಗಾಳಿಯ ಕೆಲಸ ಅದು. ಜೂನ್‌ನ ಮೊದಲ ಮಳೆ ಧೂಳು ತೊಳೆದ ಮೇಲೆ, ಮೋಡ ಸರಿದ ಒಂದು ಸಂಜೆ ಹೋಗಿ ನೋಡಿ. ಅದೇ ಕ್ಯಾಮೆರಾ, ಅದೇ ಲೆನ್ಸ್, ಬೇರೆಯೇ ಚಿತ್ರ.

ಇನ್ನು ಯಕ್ಷಗಾನ. ಮೇ ಕೊನೆಯ ಹೊತ್ತಿಗೆ ಬರುವ, ತುಳುನಾಡಿನ ಪತ್ತನಾಜೆಗೆ ಮೇಳಗಳ ತಿರುಗಾಟ ಮುಗಿಯುತ್ತದೆ. ಊರಲ್ಲಿ ಮಳೆ ಹಿಡಿದ ಆ ತಿಂಗಳುಗಳಲ್ಲಿ ಕಲಾವಿದರ ತಂಡಗಳು ಮುಂಬೈಗೆ ಬರುತ್ತವೆ. ಸಭಾಂಗಣಗಳಲ್ಲಿ ಆಟ, ತಾಳಮದ್ದಳೆ ನಡೆಯುತ್ತವೆ. ವೇದಿಕೆಯ ಮೇಲೆ ಧೀಂಗಿಣ ಹೊಡೆಯುವ, ಅಂದರೆ ಹಾರಿ ಸುತ್ತುವ ವೇಷವನ್ನು ಚಿತ್ರದಲ್ಲಿ ನಿಲ್ಲಿಸಲು 1/500 ಬೇಕು, ಅದಕ್ಕೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು 6400ಕ್ಕೆ ಏರಿಸಬೇಕು. ಅಷ್ಟು ಏರಿಸಿದಾಗ 61 ಮೆಗಾಪಿಕ್ಸೆಲ್‌ನ ಹೆಚ್ಚಿನ ವಿವರ ಗ್ರೇನಿನಲ್ಲಿ ಮುಚ್ಚಿಹೋಗುತ್ತದೆ. ಚಿಕ್ಕದು ಮಾಡಿ ನೋಡಿದರೆ ಹಳೆಯ ಕ್ಯಾಮೆರಾದಷ್ಟೇ ಚೆನ್ನ, ಅದಕ್ಕಿಂತ ಮೇಲಲ್ಲ. ಹಾಗಾಗಿ ರಂಗದ ಚಿತ್ರಕ್ಕೆ ಇವತ್ತಿಗೂ 24 ಮೆಗಾಪಿಕ್ಸೆಲ್ಲೇ ನನ್ನ ಆಯ್ಕೆ.

ಚೌಕಿ ಬೇರೆ ವಿಷಯ. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು ನೆಲದ ಮೇಲೆ ಕೂತು, ಎದುರಿಗೆ ಕನ್ನಡಿ ಇಟ್ಟುಕೊಂಡು, ಅಕ್ಕಿಹಿಟ್ಟು ಸುಣ್ಣ ಕಲಸಿದ ಹದದಿಂದ ಮುಖದ ಮೇಲೆ ಮುಳ್ಳಿನಂಥ ಚುಟ್ಟಿ ಇಡುತ್ತಾರೆ. ಒಂದೊಂದೇ ಚುಕ್ಕಿ, ಗಂಟೆಗಟ್ಟಲೆ. ಮುಖ ಅಲುಗುವುದೇ ಇಲ್ಲ. ಅಲ್ಲಿ ಈ ಕ್ಯಾಮೆರಾ ತನ್ನ ಪೂರ್ತಿ ಶಕ್ತಿ ತೋರಿಸುತ್ತದೆ. ಚುಟ್ಟಿಯ ಒಂದೊಂದು ಮುಳ್ಳಿನ ತುದಿ, ಅದರ ಬುಡದಲ್ಲಿ ಬಣ್ಣ ಎಲ್ಲಿ ನಿಂತಿದೆ, ಯಾವುದು ಒಣಗಿದೆ, ಯಾವುದು ಇನ್ನೂ ಹಸಿ ಎಂಬುದೂ ತಿಳಿಯುತ್ತದೆ. ವೇಷ ಕಲಿಯುವ ಹುಡುಗರು ಈ ಫೋಟೊಗಳನ್ನು ಕೇಳಿ ಪಡೆದಿದ್ದಾರೆ. ನನಗೆ ಅದಕ್ಕಿಂತ ದೊಡ್ಡ ಸಂತೋಷ ಇಲ್ಲ.

ತಾಳಮದ್ದಳೆಯಲ್ಲಿ ಸದ್ದು ಮಾಡಬಾರದು. ಅರ್ಥ ಹೇಳುವವರ ಮಾತಿನ ನಡುವೆ ಕ್ಯಾಮೆರಾ ಟಕ್ ಅನ್ನುವುದು ಸರಿಯಲ್ಲ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇದೆ, ಆದರೆ ಈ ಸೆನ್ಸರ್ ಮೇಲಿನಿಂದ ಕೆಳಗೆ ಓದಲು ಸಮಯ ತೆಗೆದುಕೊಳ್ಳುತ್ತದೆ. ಸಭಾಂಗಣದ ದೀಪ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗಿದರೆ ಚಿತ್ರದಲ್ಲಿ ಪಟ್ಟೆ ಬೀಳುತ್ತದೆ. 1/100 ಅಥವಾ 1/50 ಇಟ್ಟರೆ ಪಟ್ಟೆ ಹೋಗುತ್ತದೆ. ಅರ್ಥಧಾರಿಗಳು ಕೂತೇ ಮಾತಾಡುವುದರಿಂದ ಆ ವೇಗ ಸಾಕಾಗುತ್ತದೆ. ಮಾತಿನ ನಡುವೆ ಒಂದು ಕ್ಷಣ ನಿಲ್ಲುವುದನ್ನು ಕಾಯಬೇಕು ಅಷ್ಟೆ.

ಈಗ ಮಾಟುಂಗದ ಫೋಟೊಗೆ ಬರುತ್ತೇನೆ. ಮುಂಬೈಯ ಹೋಟೆಲುಗಳಿಗೆ ಊರಿನಿಂದ ಬಂದ ಹುಡುಗರು ಹಗಲೆಲ್ಲ ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಕಲಿತ ಕತೆ ನಮ್ಮವರಿಗೆಲ್ಲ ಗೊತ್ತು. ಅಂಥ ಒಂದು ರಾತ್ರಿ ಶಾಲೆಯ ಗ್ರೂಪ್ ಫೋಟೊ ಒಂದು ಕುಟುಂಬದವರ ಹಜಾರದಲ್ಲಿ ಗೋಡೆಗಿತ್ತು. 12 ಇಂಚು ಅಗಲ, 10 ಇಂಚು ಎತ್ತರ. ಮೂರು ಸಾಲು ಹುಡುಗರು, ನಡುವೆ ಮೇಷ್ಟ್ರು, ಮುಂದೆ ಒಂದು ಸ್ಲೇಟು. ಮುಖಗಳು ಕಿರುಬೆರಳಿನ ಉಗುರಿನಷ್ಟು.

ಮುಂಬೈಯ ತೇವಕ್ಕೆ ಫೋಟೊ ಗಾಜಿಗೆ ಅಂಟಿಕೊಂಡಿತ್ತು. ಫೋಟೊ ಕಾಗದದ ಮೇಲಿನ ಜೆಲಾಟಿನ್ ಪದರ ಮಳೆಗಾಲದಲ್ಲಿ ಮೆತ್ತಗಾಗಿ ಗಾಜನ್ನು ಹಿಡಿದುಬಿಡುತ್ತದೆ. ದಯವಿಟ್ಟು ಇಂಥದ್ದನ್ನು ಎಳೆಯಬೇಡಿ. ಎಳೆದರೆ ಮುಖಗಳು ಗಾಜಿನ ಜೊತೆ ಹೋಗುತ್ತವೆ. ಗಾಜಿನ ಮೂಲಕವೇ ತೆಗೆಯಬೇಕು. ಮೇಜಿನ ಮೇಲೆ ಫ್ರೇಮ್ ಮಲಗಿಸಿ, ಮೇಲಿನಿಂದ ಕ್ಯಾಮೆರಾ ಇಳಿಬಿಟ್ಟೆ. ಎರಡು ಬದಿಗೆ 45 ಡಿಗ್ರಿಯಲ್ಲಿ ಎರಡು ದೀಪ. ದೀಪಕ್ಕೂ ಲೆನ್ಸಿಗೂ, ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪೋಲರೈಸರ್ ಫಿಲ್ಟರ್ ಹಾಕಿ ಒಂದಕ್ಕೊಂದು ಅಡ್ಡ ತಿರುಗಿಸಿದೆ. ಹಳೆಯ ಫೋಟೊಗಳ ಕಪ್ಪು ಭಾಗದಲ್ಲಿ ಬೆಳ್ಳಿ ಮೇಲೆ ಬಂದು ಕನ್ನಡಿಯಂತೆ ಹೊಳೆಯುತ್ತದಲ್ಲ, ಆ ಹೊಳಪು ಇದರಿಂದ ಹೋಗುತ್ತದೆ. ಕ್ಯಾಮೆರಾದ ಸುತ್ತ ಕಪ್ಪು ಬಟ್ಟೆ ಕಟ್ಟಿದರೆ ಗಾಜಿನಲ್ಲಿ ಅದರ ಪ್ರತಿಬಿಂಬವೂ ಕಾಣುವುದಿಲ್ಲ. ಕ್ಯಾಮೆರಾ ನೆಟ್ಟಗಿದೆಯೇ ಎಂದು ತಿಳಿಯಲು ಫೋಟೊದ ಮೇಲೆ ಚಿಕ್ಕ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ಸರಿಯಾದ ನಡುವಿಗೆ ಬಂದರೆ ನೆಟ್ಟಗಿದೆ ಎಂದರ್ಥ. ಯಾವ ಸ್ಪಿರಿಟ್ ಲೆವೆಲ್ಲಿಗಿಂತಲೂ ಇದನ್ನು ನಾನು ನಂಬುತ್ತೇನೆ.

ಈ ಕ್ಯಾಮೆರಾದಲ್ಲಿ ಪಿಕ್ಸೆಲ್ ಶಿಫ್ಟ್ ಎಂಬ ವಿಧಾನ ಇದೆ. ಸೆನ್ಸರ್ ತಾನೇ ಚೂರುಚೂರು ಸರಿಯುತ್ತಾ 4 ಅಥವಾ 16 ಚಿತ್ರ ತೆಗೆಯುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಅವುಗಳನ್ನು ಜೋಡಿಸಬೇಕು. ಹದಿನಾರನ್ನು ಜೋಡಿಸಿದರೆ ಸುಮಾರು 240 ಮೆಗಾಪಿಕ್ಸೆಲ್. ಆಗ ಸೆನ್ಸರ್ ಸರಿಯುವುದು ಅರ್ಧ ಪಿಕ್ಸೆಲ್, ಅಂದರೆ ಎರಡು ಮೈಕ್ರಾನಿಗೂ ಕಡಿಮೆ. ಆ ಮನೆ ರೈಲು ಹಳಿಯ ಪಕ್ಕದಲ್ಲಿದೆ. ಮಾಟುಂಗದಲ್ಲಿ ನಿಲ್ಲದ ಫಾಸ್ಟ್ ಲೋಕಲ್ ಹಾದುಹೋಗುವಾಗ ಸ್ಕ್ರೀನನ್ನು ದೊಡ್ಡದು ಮಾಡಿ ನೋಡಿದರೆ ಇಡೀ ಫೋಟೊ ನಡುಗುವುದು ಕಾಣುತ್ತದೆ. ನಮಗೆ ನೆಲ ಅಲುಗಿದ್ದೂ ಗೊತ್ತಾಗುವುದಿಲ್ಲ. ಒಂದು ಗಾಡಿ ಹೋಗಿ ಇನ್ನೊಂದು ಬರುವ ನಡುವಿನ ಬಿಡುವಿನಲ್ಲಿ 4 ಚಿತ್ರಗಳ ಸರಣಿ ಮುಗಿಯುತ್ತದೆ. ಹದಿನಾರಕ್ಕೆ ಬಿಡುವು ಸಾಲುವುದಿಲ್ಲ. ಲೋಕಲ್‌ಗಳು ನಿಂತ ನಡುರಾತ್ರಿಯಲ್ಲಿ ಅದನ್ನೂ ತೆಗೆದು ಹೋಲಿಸಿದೆ. ಫೈಲು ದೊಡ್ಡದಾಯಿತೇ ಹೊರತು ಹೊಸದೇನೂ ಸಿಗಲಿಲ್ಲ. ಆ ಕಾಗದದಲ್ಲಿ ಇದ್ದದ್ದಷ್ಟೂ ನಾಲ್ಕರಲ್ಲೇ ಬಂದಿತ್ತು.

ಹತ್ತು ಇಂಚಿಗೆ 6336 ಪಿಕ್ಸೆಲ್ ಅಂದರೆ ಇಂಚಿಗೆ 630ರಷ್ಟು. ಒಂದು ಸೆಂಟಿಮೀಟರ್ ಎತ್ತರದ ಮುಖಕ್ಕೆ 250 ಪಿಕ್ಸೆಲ್. ಹಳೆಯ ಕ್ಯಾಮೆರಾದಲ್ಲಿ 160ರ ಆಸುಪಾಸು ಸಿಗುತ್ತಿತ್ತು. ಈ ವ್ಯತ್ಯಾಸ ಕಾಗದದ ಮೇಲೆ ಸಣ್ಣದಾಗಿ ಕಾಣಬಹುದು. ಮನೆಯ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಒಂದೊಂದೇ ಮುಖ ದೊಡ್ಡದು ಮಾಡುತ್ತಾ ಹೋದಾಗ ಅದರ ಬೆಲೆ ತಿಳಿಯಿತು. ಎರಡನೇ ಸಾಲಿನ ತುದಿಯ ಹುಡುಗ ಬಂದಾಗ ಮನೆಯ ಹಿರಿಯಮ್ಮ ಕುರ್ಚಿಯಿಂದ ಮುಂದಕ್ಕೆ ಬಾಗಿದರು.

"ನಿಲ್ಸಿ, ನಿಲ್ಸಿ. ಇದು ನಮ್ಮ ಮಾವ ಅಲ್ವಾ? ಆ ಕಿವಿ ನೋಡಿ ಮಾರಾಯ್ರೆ!"

"ಯಾವ ಮಾವ ಅಮ್ಮ?" ಎಂದೆ.

"ನನ್ನ ಗಂಡನ ತಂದೆ. ಈ ಫೋಟೊದಲ್ಲಿ ಇದ್ದಾರೆ ಅಂತ ಹೇಳ್ತಿದ್ರು. ಎಲ್ಲಿ ಅಂತ ಯಾರಿಗೂ ಗೊತ್ತಿರ್ಲಿಲ್ಲ."

ಸ್ಲೇಟಿನ ಮೇಲೆ ದೊಡ್ಡದಾಗಿ ಇಸವಿ ಬರೆದಿತ್ತು, ಅದು ಬರಿಗಣ್ಣಿಗೂ ಕಾಣುತ್ತಿತ್ತು. ಅದರ ಕೆಳಗಿನ ಸೀಮೆಸುಣ್ಣದ ಗೀಟು ಗೀಟೇ ಅಂತ ಎಲ್ಲರೂ ಅಂದುಕೊಂಡಿದ್ದರು. ದೊಡ್ಡದು ಮಾಡಿದಾಗ ಅದು ಅಕ್ಷರ. "ವಾರ್ಷಿಕೋತ್ಸವ" ಅಂತ ಇತ್ತು.

ಇಲ್ಲಿ ಒಂದು ಮಾತನ್ನು ಖಂಡಿತವಾಗಿ ಹೇಳಬೇಕು. ಮಸುಕಾದ ಮುಖವನ್ನು ಸ್ಪಷ್ಟ ಮಾಡಿಕೊಡುವ ಎಐ ಸಾಫ್ಟ್‌ವೇರುಗಳು ಈಗ ಬೇಕಾದಷ್ಟಿವೆ. ಇಂಥ ಕೆಲಸಕ್ಕೆ ನಾನು ಅವುಗಳನ್ನು ಮುಟ್ಟುವುದಿಲ್ಲ. ಅವು ಫೋಟೊದಲ್ಲಿ ಇಲ್ಲದ ಕಣ್ಣು, ಮೂಗನ್ನು ತಾವೇ ಬರೆಯುತ್ತವೆ. ನೋಡಲು ಚಂದವೇ. ಆದರೆ ಹಿರಿಯಮ್ಮ ಗುರುತಿಸಿದ ಕಿವಿ ಅವರ ಮಾವನದ್ದೇ ಆಗಿರಬೇಕು, ಅಲ್ವಾ?

ಫೈಲುಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಂಪ್ರೆಸ್ ಮಾಡದ ರಾ ಫೈಲು (ಸೆನ್ಸರ್ ಹಿಡಿದದ್ದನ್ನು ಹಾಗೇ ಇಡುವ ಫೈಲು) ಒಂದೊಂದೂ 120 ಎಂಬಿ ದಾಟುತ್ತದೆ. ಲಾಸ್‌ಲೆಸ್ ಕಂಪ್ರೆಸ್ಡ್ ಇಟ್ಟರೆ ಗುಣಮಟ್ಟ ಒಂದಿಷ್ಟೂ ಕಡಿಮೆಯಾಗದೆ ಫೈಲು ತುಂಬ ಚಿಕ್ಕದಾಗುತ್ತದೆ, ಅದನ್ನೇ ಇಡಿ. ಎರಡೂ ಸ್ಲಾಟಿಗೆ ಎಸ್‌ಡಿ ಕಾರ್ಡ್ ಹಿಡಿಯುವುದರಿಂದ ದುಬಾರಿ ಸಿಎಫ್ ಎಕ್ಸ್‌ಪ್ರೆಸ್ ಕಾರ್ಡ್ ಕೊಳ್ಳಲೇಬೇಕೆಂದಿಲ್ಲ. ಹಾರ್ಡ್ ಡಿಸ್ಕ್ ಖರ್ಚನ್ನು ಮಾತ್ರ ಕ್ಯಾಮೆರಾದ ಬೆಲೆಯ ಜೊತೆಗೇ ಲೆಕ್ಕ ಹಾಕಿ. ಮದುವೆ ಫೋಟೊ ತೆಗೆಯುವ ಗೆಳೆಯರಿಗೆ ಈ ಕ್ಯಾಮೆರಾ ಬೇಡ ಎಂದೇ ಹೇಳುತ್ತೇನೆ. ಒಂದು ಮದುವೆಯ ಸಾವಿರಾರು ಫೈಲುಗಳನ್ನು ಸಾಗಿಸುವುದರಲ್ಲೇ ರಾತ್ರಿ ಕಳೆಯುತ್ತದೆ. ಮಳೆಗಾಲದಲ್ಲಿ ಲೆನ್ಸುಗಳು ಡ್ರೈ ಕ್ಯಾಬಿನೆಟ್ಟಿನಲ್ಲಿರಲಿ, ಇಲ್ಲದಿದ್ದರೆ ಫಂಗಸ್ ಖಂಡಿತ. ಎಸಿ ಕೋಣೆಯಿಂದ ಹೊರಗೆ ಬಂದ ಕೂಡಲೇ ಬ್ಯಾಗ್ ತೆರೆಯಬೇಡಿ, ಲೆನ್ಸಿನ ಮೇಲೆ ನೀರು ಕೂರುತ್ತದೆ.

ಮಾಟುಂಗದ ಫೋಟೊದ ಕೆಲಸ ಇನ್ನೂ ನಡೆಯುತ್ತಿದೆ. ಟಿವಿ ಮುಂದೆ ಕೂತವರು ಹೇಳಿದ ಹೆಸರುಗಳನ್ನೆಲ್ಲ ಸಾಲು ಪ್ರಕಾರ, ಎಡದಿಂದ ಬಲಕ್ಕೆ, ಕನ್ನಡದಲ್ಲೇ ಫೈಲಿನ ಕ್ಯಾಪ್ಷನ್ ಜಾಗದಲ್ಲಿ ಸೇರಿಸಿದ್ದೇನೆ. ಆ ಜಾಗ ಕನ್ನಡ ಯುನಿಕೋಡನ್ನು ಚೆನ್ನಾಗಿ ಹಿಡಿಯುತ್ತದೆ, ಮೂಲ ಫೈಲನ್ನು ಹಾಗೇ ಕೊಟ್ಟರೆ ಹೆಸರು ಜೊತೆಗೇ ಹೋಗುತ್ತದೆ. ಗುರುತು ಸಿಗದ ಮುಖಗಳನ್ನು ಒಂದೊಂದಾಗಿ ಕತ್ತರಿಸಿ, ಸಾಲಿನ ಸಂಖ್ಯೆ ಬರೆದು, ಡೊಂಬಿವಲಿ, ಮುಲುಂಡ್, ಉಡುಪಿ ಕಡೆಯ ನೆಂಟರ ಫೋನುಗಳಿಗೆ ಮನೆಯವರು ಕಳುಹಿಸುತ್ತಿದ್ದಾರೆ. ಹೊಸ ಹೆಸರು ಬಂದ ಹಾಗೆ ನಾನು ಸೇರಿಸುತ್ತಾ ಹೋಗುತ್ತೇನೆ.