ಸೌರಮಾರುತದ ತವರು ಹುಡುಕುತ್ತಾ ಡಾಪ್ಲರ್ ನಕ್ಷೆ ಮಾಡಿದ ಬಗೆ

ಸೂರ್ಯನಿಂದ ಸದಾ ಹೊರಹರಿಯುವ ವಿದ್ಯುದಾವೇಶಿತ ಕಣಗಳ ಪ್ರವಾಹವೇ ಸೌರಮಾರುತ. ಅದರಲ್ಲಿ ವೇಗದ್ದು ಕರೋನಾ ರಂಧ್ರಗಳಿಂದ, ಅಂದರೆ ಸೂರ್ಯನ ಹೊರ ವಾತಾವರಣವಾದ ಕರೋನಾದಲ್ಲಿ ಕಾಂತರೇಖೆಗಳು ಹೊರಕ್ಕೆ ತೆರೆದಿರುವ ಭಾಗಗಳಿಂದ, ಹೊರಡುತ್ತದೆ ಎಂಬುದು ಬಹುಮಟ್ಟಿಗೆ ಇತ್ಯರ್ಥವಾದ ವಿಷಯ. ನಿಧಾನದ ಮಾರುತದ ತವರು ಯಾವುದೆಂಬ ಚರ್ಚೆ ಮಾತ್ರ ಮುಗಿದಿಲ್ಲ. ಜಪಾನಿನ ಹಿನೋಡೆ ಉಪಗ್ರಹದಲ್ಲಿರುವ ಇಐಎಸ್ ಎಂಬ ಅತಿನೇರಳೆ ವರ್ಣಪಟಲಮಾಪಕವು ಸಕ್ರಿಯ ಪ್ರದೇಶಗಳ (ಕಾಂತಕ್ಷೇತ್ರ ಬಲವಾಗಿರುವ ಭಾಗಗಳ) ಅಂಚಿನಲ್ಲಿ ಪ್ಲಾಸ್ಮಾ, ಅಂದರೆ ಅಯಾನೀಕರಣಗೊಂಡ ಬಿಸಿ ಅನಿಲ, ಮೇಲಕ್ಕೆ ಹರಿಯುವುದನ್ನು ತೋರಿಸಿದ ಮೇಲೆ ಅನೇಕರ ಕಣ್ಣು ಆ ಅಂಚುಗಳ ಮೇಲೆ ಬಿತ್ತು. ಅದನ್ನು ನಾನೇ ಅಳೆದು ನೋಡಬೇಕೆನಿಸಿ, 2007ರ ಡಿಸೆಂಬರಿನಲ್ಲಿ ಸೂರ್ಯಬಿಂಬವನ್ನು ದಾಟಿದ 10978ನೇ ಸಕ್ರಿಯ ಪ್ರದೇಶವನ್ನು ಆರಿಸಿಕೊಂಡೆ. ದತ್ತಾಂಶ ಎಲ್ಲರಿಗೂ ಮುಕ್ತವಾಗಿದೆ; ಪೈಥಾನ್ ಬಲ್ಲವರಿಗೆ ಇಐಎಸ್‌ಪ್ಯಾಕ್ ಎಂಬ ತಂತ್ರಾಂಶವೂ ಸಿಗುತ್ತದೆ.

ಹನ್ನೊಂದು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ 195.12 ಆಂಗ್‌ಸ್ಟ್ರಾಂನಲ್ಲಿ ಸೂಸುವ ರೇಖೆಯೇ ನನ್ನ ಮುಖ್ಯ ಆಧಾರ. ಅದು ಸುಮಾರು 15 ಲಕ್ಷ ಕೆಲ್ವಿನ್ ಶಾಖದ ಪ್ಲಾಸ್ಮಾದ್ದು. ಪಕ್ಕದ 195.18ರಲ್ಲಿ ಅದೇ ಅಯಾನಿನ ಮಂಕಾದ ಇನ್ನೊಂದು ರೇಖೆ ಅಂಟಿಕೊಂಡಿರುವುದರಿಂದ ಒಂದರ ಬದಲು ಎರಡು ಗೌಸಿಯನ್ (ಗಂಟೆಯಾಕಾರದ) ವಕ್ರಗಳನ್ನು ಹೊಂದಿಸಿದೆ. ಪ್ಲಾಸ್ಮಾ ನಮ್ಮತ್ತ ಬಂದರೆ ರೇಖೆ ಕಿರಿದಾದ ತರಂಗಾಂತರದ ಕಡೆಗೆ, ದೂರ ಹೋದರೆ ಉದ್ದದ ತರಂಗಾಂತರದ ಕಡೆಗೆ ಸರಿಯುತ್ತದೆ; ಇದೇ ಡಾಪ್ಲರ್ ಪರಿಣಾಮ, ನಕ್ಷೆಯಲ್ಲಿ ಮೊದಲನೆಯದು ನೀಲಿ, ಎರಡನೆಯದು ಕೆಂಪು. ಸೆಕೆಂಡಿಗೆ 10 ಕಿ.ಮೀ. ಹರಿವು ಈ ರೇಖೆಯನ್ನು ಸರಿಸುವುದು 0.0065 ಆಂಗ್‌ಸ್ಟ್ರಾಂ ಮಾತ್ರ, ಅಂದರೆ ಪಿಕ್ಸೆಲ್‌ನ ಮೂರನೇ ಒಂದು ಭಾಗಕ್ಕಿಂತ ಕಡಿಮೆ.

ಶೂನ್ಯ ವೇಗದ ಗುರುತನ್ನು ಎಲ್ಲಿ ಇಡಬೇಕು ಎಂಬುದರಲ್ಲಿಯೇ ಇಡೀ ಕೆಲಸ ನಿಂತಿದೆ. ಇಐಎಸ್‌ನೊಳಗೆ ತರಂಗಾಂತರಕ್ಕೆ ಅಳತೆಗೋಲಾಗುವ ದೀಪವಿಲ್ಲ. ಉಪಗ್ರಹ ಸುಮಾರು 98 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುವಾಗ ಉಪಕರಣ ಬಿಸಿಯಾಗಿ ತಣ್ಣಗಾಗುತ್ತದೆ; ಅದರ ಜೊತೆಗೇ ರೇಖೆಯ ಸ್ಥಾನವೂ ತೂಗಾಡುತ್ತದೆ. ಕಡತದಲ್ಲೇ ಬರುವ ತಿದ್ದುಪಡಿಯನ್ನು ಮೊದಲು ಹಾಕಿದೆ. ಆಮೇಲೆ ಇಡೀ ನಕ್ಷೆಯ ಸರಾಸರಿಯನ್ನು ಬಿಟ್ಟು, ಅಂಚಿನ ಶಾಂತ ಪಟ್ಟಿಯ ಸರಾಸರಿಯನ್ನು ಶೂನ್ಯವೆಂದು ಹಿಡಿದೆ. ಸಕ್ರಿಯ ಪ್ರದೇಶವೇ ಚಿತ್ರದ ಬಹುಪಾಲನ್ನು ತುಂಬಿರುವಾಗ ಒಟ್ಟು ಸರಾಸರಿ ಯಾವುದಕ್ಕೂ ಆಧಾರವಾಗದು. ಶಾಂತ ಕರೋನಾ ಕೂಡ ಪೂರ್ತಿ ನಿಶ್ಚಲವಲ್ಲ, ಹಾಗಾಗಿ ಸೆಕೆಂಡಿಗೆ 5 ಕಿ.ಮೀ.ಗಿಂತ ಕಡಿಮೆ ಇರುವ ಯಾವ ಬಣ್ಣವನ್ನೂ ನಾನು ಹರಿವೆಂದು ಎಣಿಸುವುದಿಲ್ಲ. ಇಷ್ಟು ಕಟ್ಟುನಿಟ್ಟಾಗಿ ನೋಡಿದರೂ ಪ್ರದೇಶದ ಎರಡೂ ಬದಿಗೆ ನೀಲಿ ಉಳಿಯಿತು. ಅದನ್ನು ಕಂಡಾಗ ಆದ ಸಂತೋಷ ದೊಡ್ಡದು.

ಆದರೆ ಮೇಲಕ್ಕೆ ಹೋದದ್ದೆಲ್ಲ ಹೊರಕ್ಕೆ ಹೋಯಿತೆನ್ನಲು ಬಾರದು. ಉದ್ದನೆಯ ಕುಣಿಕೆಯೊಂದರಲ್ಲಿ ಏರಿ ಇನ್ನೊಂದು ತುದಿಯಲ್ಲಿ ಇಳಿಯಲೂಬಹುದು. ಇದಕ್ಕೆ ಧಾತುಗಳ ಪ್ರಮಾಣ ನೆರವಾಗುತ್ತದೆ. ಸುಲಭವಾಗಿ ಅಯಾನೀಕರಣಗೊಳ್ಳುವ ಸಿಲಿಕಾನ್ ನಿಧಾನದ ಮಾರುತದಲ್ಲಿ ಗಂಧಕಕ್ಕೆ ಹೋಲಿಸಿದರೆ ಹೆಚ್ಚಿರುತ್ತದೆ. ಇದೇ ಪ್ರದೇಶದ ಅಂಚುಗಳಲ್ಲಿ ಆ ಹೆಚ್ಚಳ ಸುಮಾರು 3ರಿಂದ 4 ಪಟ್ಟು ಎಂದು ಬ್ರೂಕ್ಸ್ ಮತ್ತು ವಾರೆನ್ 2011ರಲ್ಲಿ ಪ್ರಕಟಿಸಿದ್ದರು; ಕೆಲವು ದಿನಗಳ ನಂತರ ಭೂಮಿಯ ಬಳಿ ನಾಸಾದ ಎಸಿಇ ನೌಕೆ ಸೌರಮಾರುತದಲ್ಲಿ ಅಳೆದದ್ದಕ್ಕೆ ಅದು ಹೊಂದಿಕೆಯಾಗಿತ್ತು. ನಾನೂ ಸಿಲಿಕಾನಿನ 258.37 ಮತ್ತು ಗಂಧಕದ 264.22 ಆಂಗ್‌ಸ್ಟ್ರಾಂ ರೇಖೆಗಳ ಅನುಪಾತ ತೆಗೆದೆ. ಸಾಂದ್ರತೆಯ ಪ್ರಭಾವವನ್ನು ಮೊದಲು ಕಳೆಯದೆ ಆ ಅನುಪಾತವನ್ನು ನಂಬಬಾರದು, ಇದನ್ನು ಹೊಸಬರಿಗೆ ಒತ್ತಿ ಹೇಳುತ್ತೇನೆ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಕಾಂತಕ್ಷೇತ್ರದ ಲೆಕ್ಕಾಚಾರಗಳ ಪ್ರಕಾರ 10978 ಪೂರ್ತಿಯಾಗಿ ಮುಚ್ಚಿದ ಸ್ಟ್ರೀಮರ್ (ಕಾಂತರೇಖೆಗಳು ಕಮಾನಾಗಿ ಸೂರ್ಯನಿಗೇ ಮರಳುವ ರಚನೆ) ಒಂದರ ಕೆಳಗಿತ್ತು. ಆ ಪ್ಲಾಸ್ಮಾ ಹೊರಬಿದ್ದಿದ್ದರೆ ಕಾಂತರೇಖೆಗಳು ಒಂದೇ ಸಲವಲ್ಲ, ಎರಡು ಹಂತಗಳಲ್ಲಿ ಕಡಿದು ಮರುಜೋಡಣೆಯಾಗಿರಬೇಕು. ಎರಡನೆಯ ಹಂತ ನಡೆಯುವುದು ಕರೋನಾದ ಬಹು ಎತ್ತರದಲ್ಲಿ. ನಾನು ಮಾಡಿದ ಡಾಪ್ಲರ್ ನಕ್ಷೆ ಅಷ್ಟು ಮೇಲಕ್ಕೆ ತಲುಪುವುದಿಲ್ಲ.