ಮಕ್ಕಳಿಗೆ ತೋರಿಸುವ ಮೊದಲು 'ಅವತಾರ್' ಸರಣಿಯನ್ನು ಜಾಲಾಡಿದ ಬಗೆ

ಮೊದಲ ಕೆಲಸ, ಸರಿಯಾದ 'ಅವತಾರ್' ಯಾವುದು ಅಂತ ಗೊತ್ತು ಮಾಡಿಕೊಳ್ಳುವುದು. ಆ ಹೆಸರು ಹಾಕಿ ಹುಡುಕಿದರೆ ಜೇಮ್ಸ್ ಕ್ಯಾಮರಾನ್ ಅವರ ನೀಲಿ ಮೈಯವರ ಸಿನಿಮಾ ಬರುತ್ತದೆ, 2010ರ ಇನ್ನೊಂದು ಸಿನಿಮಾ ಬರುತ್ತದೆ, 2024ರಲ್ಲಿ ನೆಟ್‌ಫ್ಲಿಕ್ಸ್ ತಂದ ನಟ-ನಟಿಯರ ಸರಣಿಯೂ ಬರುತ್ತದೆ. ಈ ಕೊನೆಯದರ ಕಥೆ ಅದೇ, ಪಾತ್ರಗಳೂ ಅವೇ. ಆದರೆ ಮೊದಲ ಕಂತಿನಲ್ಲೇ ಮನುಷ್ಯ ಸುಟ್ಟುಹೋಗುವುದನ್ನು ನೇರವಾಗಿ ತೋರಿಸುತ್ತಾರೆ. ಅಮೆರಿಕದಲ್ಲಿ ಅದಕ್ಕೆ ಸಿಕ್ಕಿದ್ದು ಟಿವಿ-14, ಅಂದರೆ ಹದಿನಾಲ್ಕರ ಒಳಗಿನವರಿಗೆ ಸಲ್ಲದಿರಬಹುದು ಎಂಬ ಮುದ್ರೆ. ನಾನಿಲ್ಲಿ ಹೇಳುತ್ತಿರುವುದು ನಿಕಲೋಡಿಯನ್ 2005ರಿಂದ 2008ರವರೆಗೆ ಪ್ರಸಾರ ಮಾಡಿದ ಅನಿಮೇಷನ್ 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' ಬಗ್ಗೆ. ನೀರು, ನೆಲ, ಬೆಂಕಿ, ಗಾಳಿಯನ್ನು ಕೈಸನ್ನೆಯಲ್ಲೇ ಆಡಿಸಬಲ್ಲ ಜನರ ಕಥೆ ಅದು. ಮೂರು ಸೀಸನ್, 61 ಕಂತು, ಒಂದೊಂದು ಸುಮಾರು 23 ನಿಮಿಷ. ಹೆಸರು ಕೇಳಿ ದಶಾವತಾರದ ಕಥೆ ಇರಬೇಕು ಎಂದುಕೊಂಡು ಅಜ್ಜಿಯರು ಮೊಮ್ಮಕ್ಕಳ ಪಕ್ಕ ಕೂರುವುದೂ ಉಂಟು. ಕೂರಲಿ, ಅದರಿಂದ ಲಾಭವೇ.

ಈ ಅನಿಮೇಷನ್‌ಗೆ ಇರುವ ರೇಟಿಂಗ್ ಟಿವಿ-ವೈ7-ಎಫ್‌ವಿ. ಏಳು ದಾಟಿದ, ನಿಜ ಯಾವುದು ಕಟ್ಟುಕಥೆ ಯಾವುದು ಎಂದು ತಿಳಿಯುವ ಮಕ್ಕಳಿಗೆ ಎಂಬುದು ಮೊದಲ ಭಾಗದ ಅರ್ಥ. ಕಾಲ್ಪನಿಕ ಹೊಡೆದಾಟ ತುಸು ಜೋರಾಗಿದೆ ಎಂಬುದು ಕೊನೆಯ ಎರಡಕ್ಷರದ ಅರ್ಥ. ಈ ಮುದ್ರೆ ಒತ್ತುವುದು ಯಾವುದೋ ಮಂಡಳಿಯಲ್ಲ, ವಾಹಿನಿಯವರೇ. ನಮ್ಮಲ್ಲೂ 2021ರ ಐಟಿ ನಿಯಮಗಳ ಪ್ರಕಾರ ಒಟಿಟಿ ಸಂಸ್ಥೆಗಳೇ ತಮ್ಮ ಸರಣಿಗಳನ್ನು ಯು, ಯು/ಎ 7+, 13+, 16+, ಎ ಎಂದು ವಿಂಗಡಿಸಿಕೊಳ್ಳುತ್ತವೆ. ಪೋಷಕರ ಲಾಕ್ ಕೊಡಲೇಬೇಕು ಎಂಬ ಕಟ್ಟುಪಾಡು ಶುರುವಾಗುವುದು 13+ನಿಂದ. 7+ ಎಂದಿರುವುದಕ್ಕೆ ಬೀಗ ಹಾಕುವುದು ಬಿಡುವುದು ನಮ್ಮ ಕೈಲಿದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಇಡೀ ಸರಣಿಗೆ ಒಂದೇ ಮುದ್ರೆ. ಕಥಾನಾಯಕ ಆಂಗ್ ಪೆಂಗ್ವಿನ್ ಬೆನ್ನೇರಿ ಹಿಮದಲ್ಲಿ ಜಾರುವ ಕಂತಿಗೂ, ಒಬ್ಬಳು ಮುದುಕಿ ಜನರ ಮೈಯೊಳಗಿನ ರಕ್ತವನ್ನೇ ಕುಣಿಸುವ ಕಂತಿಗೂ ಅದೇ ಟಿವಿ-ವೈ7-ಎಫ್‌ವಿ.

ಹಾಗಾಗಿ ಸರಣಿಯನ್ನು ಅಳೆಯಲು ಮೊದಲ ಕಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಇಂಥ ಕಾರ್ಟೂನುಗಳ ಮೊದಲ ಕಂತು ಸಾಮಾನ್ಯವಾಗಿ ಸಾಧುವೇ. ನಾನು ನೋಡುವ ಕ್ರಮ ಬೇರೆ: ಪ್ರತಿ ಸೀಸನ್ನಿನ ಕೊನೆಯ ಎರಡು ಕಂತು ಮೊದಲು, ಆಮೇಲೆ ಸಾರಾಂಶದಲ್ಲಿ ಹುಣ್ಣಿಮೆ, ಸೆರೆಮನೆ, ಪ್ರೇತಲೋಕ, ತಾಯಿಯ ಸಾವು ಇಂಥ ಮಾತು ಬರುವ ಕಂತುಗಳು, ಕೊನೆಗೆ ಮಧ್ಯದಿಂದ ಯಾವುದಾದರೂ ಒಂದು. ಈ ಸರಣಿಯಲ್ಲಿ ಆ ಲೆಕ್ಕಕ್ಕೆ ಬರುವುದು ಒಂದನೇ ಸೀಸನ್ನಿನ 3, 12, 19, 20. ಎರಡನೆಯದರ 16, 17, 19, 20. ಮೂರನೆಯದರ 8, 16, ಮತ್ತು ಕೊನೆಯ ನಾಲ್ಕು. ಇಷ್ಟು ನೋಡಲು ಐದೂವರೆ ಗಂಟೆ ಸಾಕು.

ಪ್ರತಿ ಕಂತನ್ನು ಮೊದಲು ಸದ್ದಿಲ್ಲದೆ ನೋಡಬೇಕು. ಕನ್ನಡ ಮಾತ್ರ ಬರುವ ಐದಾರು ವರ್ಷದ ಮಗುವಿಗೆ ಇಂಗ್ಲಿಷ್ ಸಂಭಾಷಣೆ ಹೇಗೂ ತಲೆಗೆ ಹೋಗುವುದಿಲ್ಲ. ಕೆಳಗೆ ಓಡುವ ಅಕ್ಷರ ಓದಲೂ ಬಾರದು. ಅದಕ್ಕೆ ಸಿಗುವುದು ಚಿತ್ರ ಮತ್ತು ಸಂಗೀತ ಅಷ್ಟೇ. ಈ ಸರಣಿಯ ಒಳ್ಳೆಯತನವೆಲ್ಲ ಇರುವುದು ಮಾತಿನಲ್ಲಿ. ಕೊಲ್ಲಬೇಕೇ, ಕ್ಷಮಿಸಬೇಕೇ, ಸೇಡು ತೀರಿದರೆ ನೋವು ಹೋಗುತ್ತದೆಯೇ ಎಂಬ ಚರ್ಚೆ ಕಳಚಿಬಿದ್ದರೆ ಉಳಿಯುವುದು ಬೆಂಕಿ ಉಗುಳುವ ಕೈಗಳು. ಆಮೇಲೆ ಸದ್ದು ಹಾಕಿ, ಒಂದು ಹಾಳೆಯಲ್ಲಿ ನಾಲ್ಕು ಕಲಂ ಗೆರೆ ಎಳೆದು ಬರೆಯುತ್ತೇನೆ: ಎಷ್ಟನೇ ನಿಮಿಷ, ಕಣ್ಣಿಗೆ ಕಂಡದ್ದೇನು, ನೋವು ಯಾರಿಗೆ, ಸಮಾಧಾನ ಅದೇ ಕಂತಿನಲ್ಲಿ ಸಿಕ್ಕಿತೇ. ಕೊನೆಯ ಕಲಂ ಉಳಿದ ಮೂರಕ್ಕಿಂತ ಮುಖ್ಯ.

ಒಂದನೇ ಸೀಸನ್ನಿನ ಮೂರನೇ ಕಂತು ನೋಡಿ. ನೂರು ವರ್ಷ ಹಿಮಗಡ್ಡೆಯೊಳಗಿದ್ದು ಎದ್ದ ಹನ್ನೆರಡರ ಹುಡುಗ ಆಂಗ್ ತನ್ನ ಮಠಕ್ಕೆ ಮರಳುತ್ತಾನೆ. ಅಲ್ಲಿ ಗುರುವಿನ ಅಸ್ಥಿಪಂಜರ ಕೂತಿದೆ, ಸುತ್ತ ಶತ್ರು ಸೈನಿಕರ ಶಿರಸ್ತ್ರಾಣಗಳು. ಒಂದು ಜನಾಂಗವೇ ಅಳಿದುಹೋಗಿದೆ. ಬರೆದರೆ ಭಯಂಕರ. ಆದರೆ ರಕ್ತವಿಲ್ಲ, ಸಾಯುವ ಕ್ಷಣ ತೋರಿಸುವುದಿಲ್ಲ, ಸಿಟ್ಟಿನಲ್ಲಿ ಕಣ್ಣು ಹೊಳೆಯುತ್ತ ಸುಂಟರಗಾಳಿಯಾದ ಆಂಗ್‌ನನ್ನು ಗೆಳತಿ ಕಟಾರಾ ಕೈಹಿಡಿದು ಇಳಿಸಿಕೊಳ್ಳುತ್ತಾಳೆ, ಇನ್ನು ನಾವೇ ನಿನ್ನ ಮನೆಯವರು ಎನ್ನುತ್ತಾಳೆ. ಗಾಯವೂ ಮುಲಾಮೂ ಒಂದೇ ಕಂತಿನಲ್ಲಿವೆ. ಪಕ್ಕದಲ್ಲಿ ದೊಡ್ಡವರು ಕೂತರೆ ಏಳು ವರ್ಷದವರಿಗೆ ತೋರಿಸಬಹುದು.

ಹನ್ನೆರಡನೆಯದು ಇನ್ನೂ ನಾಜೂಕು. ಶತ್ರು ದೇಶದ ರಾಜಕುಮಾರ, ಹದಿಮೂರರ ಝೂಕೊ ಅಪ್ಪನ ಎದುರು ಹೋರಾಡಲಾರೆ ಎಂದು ಮಂಡಿಯೂರುತ್ತಾನೆ, ಅಪ್ಪ ಮಗನ ಮುಖ ಸುಡುತ್ತಾನೆ. ಸುಡುವುದನ್ನು ತೋರಿಸದೆ ಕ್ಯಾಮೆರಾ ದೊಡ್ಡಪ್ಪ ಐರೋನ ಕಡೆ ತಿರುಗುತ್ತದೆ. ಅವನು ಮುಖ ಆಚೆ ಮಾಡುತ್ತಾನೆ, ಕಿರುಚಾಟ ಕೇಳಿಸುತ್ತದೆ. ಮನೆಯಲ್ಲಿ ಏಟು ತಿಂದ ಮಗುವಿಗೆ ಇದು ಮಾಂತ್ರಿಕ ಕಥೆಯಾಗಿ ಉಳಿಯುವುದಿಲ್ಲ.

ಈಗ ಇಪ್ಪತ್ತನೇ ಕಂತಿನ ಕೋ. ಪ್ರೇತಲೋಕದ ಗುಹೆಯೊಂದರಲ್ಲಿ ದೊಡ್ಡ ಶತಪದಿಯಂಥ ಮೈ, ತುದಿಯಲ್ಲಿ ಒಂದು ಮುಖ. ಎದುರಿಗೆ ಬಂದವರು ಒಂಚೂರು ಭಾವ ತೋರಿಸಿದರೆ ಮುಖವನ್ನೇ ಕದಿಯುತ್ತದೆ. ಗುಹೆಯ ಹೊರಗೆ ಮುಖವಿಲ್ಲದ ಕೋತಿಯೊಂದು ಸಿಗುತ್ತದೆ: ತಲೆಯಿದೆ, ಮುಂಭಾಗ ನುಣ್ಣಗಿದೆ. ಕೋ ಮಾತಾಡುತ್ತ ಸುತ್ತು ಹಾಕುವಾಗ ಮುಖದ ಸುತ್ತಲಿನ ತೊಗಲು ಕಣ್ರೆಪ್ಪೆ ಮುಚ್ಚಿದಂತೆ ಮುಚ್ಚಿ ತೆರೆಯುತ್ತದೆ, ತೆರೆದಾಗಲೆಲ್ಲ ಬೇರೆ ಮುಖ. ಹೊಡೆದಾಟ ಇಲ್ಲವೇ ಇಲ್ಲ, ಯಾರಿಗೂ ಗಾಯವಿಲ್ಲ. ಆದರೂ ನನ್ನ ಹಾಳೆಯಲ್ಲಿ ಆರರ ಒಳಗಿನವರಿಗೆ ಇಡೀ ಮೊದಲ ಸೀಸನ್ನಿನಲ್ಲೇ ಕೆಟ್ಟದ್ದು ಈ ದೃಶ್ಯ. ಅಮೆರಿಕದ ಸಂಶೋಧಕಿ ಜೊಯಾನ್ ಕ್ಯಾಂಟರ್ ಮಕ್ಕಳ ಭಯದ ಮೇಲೆ ಮಾಡಿದ ಕೆಲಸ ಇಲ್ಲಿ ನೇರ ಉಪಯೋಗಕ್ಕೆ ಬರುತ್ತದೆ. ಸಿಟ್ಟು ಬಂದರೆ ಹಸಿರು ದೈತ್ಯನಾಗುವ, ಆದರೂ ಒಳ್ಳೆಯವನೇ ಆದ ಹಲ್ಕ್‌ನ ಟಿವಿ ಕಥೆಯಲ್ಲೂ ಪುಟ್ಟ ಮಕ್ಕಳು ಹೆದರಿದ್ದು ಮನುಷ್ಯ ರೂಪ ಬದಲಿಸುವ ಕ್ಷಣಕ್ಕೆ. ಚಿಕ್ಕವರು ಕಂಡ ರೂಪಕ್ಕೆ ಹೆದರುತ್ತಾರೆ. ಎಂಟೊಂಬತ್ತು ದಾಟಿದವರು ನಡೆಯಬಹುದಾದ ಸಂಗತಿಗೆ ಹೆದರುತ್ತಾರೆ. ಹತ್ತರ ಹುಡುಗ ಕೋನನ್ನು ನೋಡಿ ಮಸ್ತ್ ಎನ್ನುತ್ತಾನೆ, ಅವನ ಐದರ ತಂಗಿ ಕನ್ನಡಿ ಮುಂದೆ ಹೋಗಲು ಅಳುತ್ತಾಳೆ.

ಮೂರನೇ ಸೀಸನ್ನಿನ ಎಂಟನೇ ಕಂತು ಇದಕ್ಕೆ ತದ್ವಿರುದ್ಧ. ಹಾಮಾ ಎಂಬ ಅಜ್ಜಿ ಮಕ್ಕಳನ್ನು ಕರೆದು ಅಡುಗೆ ಮಾಡಿ ಬಡಿಸುತ್ತಾಳೆ. ಹುಣ್ಣಿಮೆಗಳಲ್ಲಿ ಊರಿನ ಜನ ಕಾಣೆಯಾಗುತ್ತಿದ್ದಾರೆ. ಅವಳು ಕಟಾರಾಳಿಗೆ ಹೂಗಳಿಂದ ನೀರು ಸೆಳೆಯುವುದನ್ನು ಕಲಿಸುತ್ತಾಳೆ, ಹೂ ಬಾಡುತ್ತವೆ. ಮುಂದಿನದು ಮನುಷ್ಯರ ಮೈಯೊಳಗಿನ ರಕ್ತ. ಕೊನೆಗೆ ಗೆಳೆಯರನ್ನು ಉಳಿಸಲು ಕಟಾರಾ ಅದೇ ವಿದ್ಯೆ ಬಳಸಬೇಕಾಗುತ್ತದೆ, ಅವಳ ಅಳುವಿನಲ್ಲೇ ಕಂತು ಮುಗಿಯುತ್ತದೆ. ನಾಲ್ಕನೇ ಕಲಂ ಖಾಲಿ. ನಾಲ್ಕು ವರ್ಷದ ಮಗುವಿಗೆ ಇದರಲ್ಲಿ ಅರ್ಧ ಅರ್ಥವೇ ಆಗಲಿಕ್ಕಿಲ್ಲ. ನಂಬಿದ ಅಜ್ಜಿಯೇ ಹೀಗೆ ಮಾಡಿದರೆ ಎಂಬ ಯೋಚನೆ ಬರುವುದು ಒಂಬತ್ತರವರಿಗೆ. ಇದನ್ನು ರಾತ್ರಿ ಊಟದ ನಂತರ ಹಾಕಲೇಬಾರದು, ಬೆಳಗ್ಗೆ ಹಾಕಿ.

ಹಿರಣ್ಯಕಶಿಪುವಿನ ಕರುಳು ಬಗೆದ ಕಥೆ ಹೇಳಿ ಮಲಗಿಸುವ ನಾವು ಕಾರ್ಟೂನಿಗೇಕೆ ಇಷ್ಟು ಗೊಣಗುವುದು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಬಾಯಲ್ಲಿ ಹೇಳಿದ ಕಥೆಯಲ್ಲಿ ಮಗು ತನಗೆ ತಾಳುವಷ್ಟೇ ಚಿತ್ರ ಕಟ್ಟಿಕೊಳ್ಳುತ್ತದೆ, ಹೇಳುವವರೂ ಮುಖ ನೋಡಿ ದನಿ ಇಳಿಸುತ್ತಾರೆ. ತೆರೆಗೆ ಆ ದಾಕ್ಷಿಣ್ಯವಿಲ್ಲ.

ಎರಡನೇ ಸೀಸನ್ನಿನಲ್ಲಿ ಗಮನಿಸಬೇಕಾದ್ದು ಪ್ರಾಣಿ. 16ನೇ ಕಂತಿನಲ್ಲಿ ಹಾರುವ ಕಾಡೆಮ್ಮೆ ಆಪಾ ಸರ್ಕಸ್ಸಿಗೆ ಮಾರಾಟವಾಗಿ ಬೆಂಕಿಯಿಂದ ಹಿಂಸೆ ಅನುಭವಿಸುತ್ತದೆ. ಮನುಷ್ಯರ ಯುದ್ಧಕ್ಕೆ ಅಲುಗದ ಮಕ್ಕಳು ಇಲ್ಲಿ ಬಿಕ್ಕುತ್ತಾರೆ. ಸಮಾಧಾನ ಮುಂದಿನ ಕಂತಿನಲ್ಲಿದೆ, ಆದ್ದರಿಂದ 16 ಮತ್ತು 17 ಒಟ್ಟಿಗೆ. ಆದರೆ 17ರಲ್ಲಿ ಜೆಟ್ ಎಂಬ ಹುಡುಗ ಸತ್ತನೋ ಇಲ್ಲವೋ ಎಂದು ಬಿಡಿಸಿ ಹೇಳುವುದಿಲ್ಲ. ಮಗು ಕೇಳಿಯೇ ಕೇಳುತ್ತದೆ; ಉತ್ತರ ಮೊದಲೇ ಯೋಚಿಸಿಟ್ಟುಕೊಳ್ಳಿ. 19 ಮತ್ತು 20 ಕೂಡ ಬಿಡಿಸಬಾರದ ಜೋಡಿ.

ಅನುಕರಣೆಯ ವಿಷಯಕ್ಕೆ ಬಂದರೆ, ಅಂಗೈಯಿಂದ ಬೆಂಕಿ ಬರಿಸುವುದು ಯಾರಿಗೂ ಆಗದ ಕೆಲಸ, ಅದರ ಚಿಂತೆ ಕಡಿಮೆ. ಕೋಲು ಬೀಸುವುದು ಮತ್ತು ಆಂಗ್‌ನ ಹಾರುವ ಕೋಲಿನಂತೆ ದುಪಟ್ಟಾ ಹಿಡಿದು ಕಟ್ಟೆಯಿಂದ ಜಿಗಿಯುವುದು ನಿಜವಾದ ಅಪಾಯ. ಒಂದನೇ ಸೀಸನ್ನಿನ 16ನೇ ಕಂತಿನಲ್ಲಿ ಆಂಗ್ ಬೆಂಕಿಯ ಜೊತೆ ಆಟವಾಡಿ ಕಟಾರಾಳ ಕೈ ಸುಡುತ್ತಾನೆ. ಅದನ್ನು ಬಿಡದೆ ತೋರಿಸುತ್ತೇನೆ.

ನನ್ನ ತೀರ್ಮಾನ: ಐದರ ಒಳಗೆ ಬೇಡ. ಆರೇಳಕ್ಕೆ ಮೊದಲ ಸೀಸನ್, ಕೋ ಬರುವ ಭಾಗ ತೋರಿಸದೆ ಮುಂದೆ ಹಾರಿಸಿ. ಎಂಟಕ್ಕೆ ಎರಡನೆಯದು, ಒಂಬತ್ತು-ಹತ್ತಕ್ಕೆ ಮೂರನೆಯದು. ಮುಂದುವರಿದ ಕಥೆಯಾದ ಕೋರಾ ಸರಣಿ ಹನ್ನೆರಡರ ನಂತರ. ಅದರಲ್ಲಿ ಉಸಿರುಗಟ್ಟಿಸಿ ಕೊಲ್ಲುವುದನ್ನೇ ತೋರಿಸುತ್ತಾರೆ.

ಇಷ್ಟಾಗಿಯೂ ಮಗು ಹೆದರಿದರೆ ಏಳರ ಒಳಗಿನವರಿಗೆ "ಅದು ನಿಜ ಅಲ್ಲ ಪುಟ್ಟ" ಎಂಬುದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಟಿವಿ ಆರಿಸಿ, ತೊಡೆ ಮೇಲೆ ಕೂರಿಸಿಕೊಂಡು ಏನಾದರೂ ತಿನ್ನಲು ಕೊಡಿ. ದೊಡ್ಡ ಮಕ್ಕಳಿಗೆ ವಿವರಣೆ ಬೇಕು, ಕೂತು ಮಾತಾಡಿ. ಅಂದು ರಾತ್ರಿ ಬಚ್ಚಲಿಗೆ ಒಬ್ಬರೇ ಹೋಗುತ್ತಾರೋ, ಅದೇ ಚಿತ್ರವನ್ನು ಮತ್ತೆ ಮತ್ತೆ ಬರೆಯುತ್ತಾರೋ ಗಮನಿಸಿ. ಒಂದು ವಾರ ದಾಟಿದರೂ ಹಾಗೇ ಇದ್ದರೆ ಸರಣಿಯನ್ನು ಒಂದು ವರ್ಷ ಮುಂದೂಡಿ.

ಒಂದೇ ಟಿವಿ, ಎರಡು ವಯಸ್ಸಿನ ಮಕ್ಕಳು ಇರುವ ಮನೆಯಲ್ಲಿ ಲೆಕ್ಕ ಹಿಡಿಯಬೇಕಾದ್ದು ಚಿಕ್ಕವರದ್ದು. ನೆಟ್‌ಫ್ಲಿಕ್ಸ್‌ನಲ್ಲಿ ಚಿಕ್ಕವರ ಪ್ರೊಫೈಲ್ ಬೇರೆ ಮಾಡಿ, ವೀಕ್ಷಣಾ ನಿರ್ಬಂಧದಲ್ಲಿ ಈ ಸರಣಿಯನ್ನೂ 2024ರದ್ದನ್ನೂ ಹೆಸರು ಹಾಕಿ ತಡೆಯಬಹುದು. ದೊಡ್ಡವರ ಪ್ರೊಫೈಲ್‌ಗೆ ಪಿನ್ ಹಾಕಿ. ಮುಂದಿನ ಕಂತು ತಾನಾಗಿ ಶುರುವಾಗುವ ಆಯ್ಕೆಯನ್ನು ಎರಡರಲ್ಲೂ ತೆಗೆಯಿರಿ, ಇಲ್ಲವಾದರೆ ನೀವು ಅಡುಗೆಮನೆಯಿಂದ ಬರುವಷ್ಟರಲ್ಲಿ ಮೂರನೇ ಸೀಸನ್ನಿನ ಏಳನೇ ಕಂತು ಮುಗಿದು ಹಾಮಾ ಬಾಗಿಲು ತೆರೆದಿರುತ್ತಾಳೆ.